ಇವುಗಳಿಗೆ ಗುಂಡು ಹಾರಿಸುವುದಿಲ್ಲ

ಜನವರಿ 9

ಅಣ್ಣಾ,

ಲೈಸೆನ್ಸ್ ಬಂತು. ಮೂರು ತಿಂಗಳು ಸ್ಟೇಷನ್ನಿಗೆ ಅಲೆದು ಚಪ್ಪಲಿ ಸವೆಸಿದ್ದಕ್ಕೆ ಕೊನೆಗೂ ಒಂದು ಠಸ್ಸೆ ಬಿತ್ತು. ನಿನ್ನೆ ರಿವಾಲ್ವರನ್ನೂ ತಂದೆ. ಈಗ ಅದು ಅಡುಗೆಮನೆಯ ಮೇಜಿನ ಮೇಲೆ ನನ್ನ ಎದುರಿಗೇ ಕೂತಿದೆ. ಕರೆಯದೆ ಬಂದ ನೆಂಟನ ಹಾಗೆ, ಏನು ಮಾತಾಡಿಸುವುದೋ ಗೊತ್ತಾಗುತ್ತಿಲ್ಲ.

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಬ್ಯಾಂಕಿನ ಬಾಗಿಲಲ್ಲಿ ಮೂವತ್ತು ವರ್ಷ ಬಂದೂಕು ಹಿಡಿದು ನಿಂತವನು ನೀನು. ದರೋಡೆಗೆ ಬಂದವನನ್ನು ಒಂದೇ ಗುಂಡಿಗೆ ಕೆಡವಿ, ಪ್ರಶಂಸಾಪತ್ರ ತೆಗೆದುಕೊಂಡವನು. ನಮ್ಮ ಇಡೀ ವಂಶದಲ್ಲಿ ಧೈರ್ಯ ಅಂತ ಇದ್ದದ್ದು ನಿನಗೊಬ್ಬನಿಗೇ. ಅದರಲ್ಲಿ ಒಂದು ಚಮಚ ನನಗೂ ಕಳಿಸು. ಗುರಿ ಇಡುವುದನ್ನು ಕಲಿಸಲು ಇಲ್ಲೊಬ್ಬ ಮೇಷ್ಟ್ರು ಸಿಕ್ಕಿದ್ದಾರೆ. ನನಗೆ ಬೇಕಾದದ್ದು ಅದಲ್ಲ. ಮನಸ್ಸನ್ನು ಹೇಗೆ ತಯಾರು ಮಾಡಿಕೊಳ್ಳುವುದು, ಅದು ಹೇಳಿಕೊಡು.

ಯಾಕೆ ಬೇಕಾಯಿತು ಎಂದು ನಿನಗೆ ಪೂರ್ತಿ ಬರೆದಿರಲಿಲ್ಲ. ನಮ್ಮ ಮಿಲ್ಲಿನ ನೂಲಿನ ಗೋದಾಮಿಗೆ ಬೆಂಕಿ ಬಿದ್ದದ್ದು ಗೊತ್ತಲ್ಲ. ಅದರಲ್ಲಿ ಹೋದ ಹುಡುಗಿ ನನ್ನ ಸಾಲಿನ ಕೊನೆಯ ಮಗ್ಗದವಳು. ತಲೆತುಂಬ ಗುಂಗುರು ಕೂದಲು, ಎಲ್ಲರೂ ಗುಂಗುರು ಎಂದೇ ಕರೆಯುತ್ತಿದ್ದೆವು. ಹೊಗೆ ತುಂಬಿದಾಗ ಹಿಂಬಾಗಿಲಿಗೆ ಓಡಿದ್ದಾಳೆ. ಅದಕ್ಕೆ ಬೀಗ. ಬೀಗ ಹಾಕಿಸಿದವನು ಸೂಪರ್‌ವೈಸರ್, ನಾವು ಮೀಸೆ ಅನ್ನುವವನು. 'ಸುಮ್ನೆ ಹೊರಗೆ ಓಡಾಡ್ತಾರೆ, ಹಿಂಬಾಗಿಲಿಗೆ ಬೀಗ ಜಡಿ' ಎಂದು ಅವನು ಕಾವಲುಗಾರನಿಗೆ ಹೇಳಿದ. ನಾನು ಅಲ್ಲೇ ಇದ್ದೆ. ಪೊಲೀಸರ ಮುಂದೆ ಹಾಗೇ ಬರೆಸಿದ್ದೇನೆ. ಕಾವಲುಗಾರನಿಗೆ ಈಗ ಏನೂ ನೆನಪಿಲ್ಲವಂತೆ. ನಮ್ಮ ಸಾಲಿನ ಉಳಿದ ಹೆಂಗಸರೆಲ್ಲ 'ಮಗ್ಗದ ಸದ್ದಿನಲ್ಲಿ ನಮಗೇನೂ ಕೇಳಿಸಲಿಲ್ಲ' ಅಂದುಬಿಟ್ಟರು. ಹನ್ನೆರಡು ವರ್ಷ ನನ್ನ ಪಕ್ಕದ ಮಗ್ಗದಲ್ಲಿ ನಿಂತು, ನನ್ನ ಡಬ್ಬಿಯಲ್ಲಿ ಉಂಡವಳೂ ಹಾಗೇ ಅಂದಳು. ಅವತ್ತಿನಿಂದ ಅವಳು ನನ್ನ ಕಡೆ ಮುಖ ಎತ್ತುವುದಿಲ್ಲ. ಹೀಗಾಗಿ ಸಾಕ್ಷಿ ನಾನೊಬ್ಬಳೇ.

ಮೀಸೆಗೆ ಜಾಮೀನು ಸಿಕ್ಕಿತು. ಆ ವಾರವೇ ನನ್ನ ಹಿಂಬಾಗಿಲಿನ ಗಾಜು ಒಡೆದರು. ಹೋದ ತಿಂಗಳು ಅಂಗಳದಲ್ಲಿ ಯಾರೋ ನಿಂತು ಬೀಡಿ ಸೇದಿ ಹೋಗಿದ್ದರು, ಏಳು ತುಂಡು ಬಿದ್ದಿದ್ದವು. ವಿಚಾರಣೆ ಏಪ್ರಿಲ್ ನಾಲ್ಕಕ್ಕೆ. ಅಲ್ಲಿಯವರೆಗೆ ನಾನು ಉಸಿರಾಡಿಕೊಂಡಿರಬೇಕು, ಅಷ್ಟೇ.

ಫೋನ್ ಮಾಡಬೇಡ. ಈ ಮನೆಯಲ್ಲಿ ಬರೀ ಗೊರಗೊರ ಅನ್ನುತ್ತದೆ. ಕಾಗದ ಬರೆ.

ನಿನ್ನ ತಂಗಿ

ಜನವರಿ 17

ತಂಗೀ,

ನಿನ್ನ ಕಾಗದ ಓದಿ ಎರಡು ದಿನ ನನಗೆ ಅನ್ನ ಸೇರಲಿಲ್ಲ. ನಿನ್ನ ಅತ್ತಿಗೆಗೆ ಓದಿ ಹೇಳಿದರೆ, "ಅವಳಿಗೇನು ತಲೆ ಕೆಟ್ಟಿದೆಯಾ? ಗಂಟುಮೂಟೆ ಕಟ್ಕೊಂಡು ಇಲ್ಲಿಗೆ ಬರ್ಲಿ" ಅಂದಳು. ನೀನು ಬರುವುದಿಲ್ಲ ಎಂದು ನನಗೆ ಗೊತ್ತು. ಚಿಕ್ಕಂದಿನಲ್ಲಿ ನಿನ್ನನ್ನು ಹಟಮಾರಿ ಎಂದು ಬೈದವರಿಗೆಲ್ಲ ಈಗ ಒಂದೊಂದು ನಮಸ್ಕಾರ ಹಾಕಬೇಕು ಅನ್ನಿಸುತ್ತಿದೆ.

ಆ ದರೋಡೆಯ ವಿಷಯ ಬಿಡು. ಹಳೆಯ ಕತೆ. ಅದರಿಂದ ನೀನು ಕಲಿಯುವಂಥದ್ದು ಏನೂ ಇಲ್ಲ.

ಮನಸ್ಸಿನ ತಯಾರಿ ಕೇಳಿದ್ದೀಯ. ಎಲ್ಲರೂ ಮೊದಲು ಕಲಿಯುವುದು ಯಾವಾಗ ಹೊಡೆಯಬೇಕು ಎಂಬುದನ್ನು. ಅದು ತಪ್ಪು. ನೀನು ಒಂದು ಹಾಳೆ ತೆಗೆದುಕೊಂಡು ಮೇಲೆ 'ಇವುಗಳಿಗೆ ಗುಂಡು ಹಾರಿಸುವುದಿಲ್ಲ' ಎಂದು ಬರೆ. ಆಮೇಲೆ ಮನೆಯೆಲ್ಲ ಸುತ್ತು. ಕಪಾಟು, ಪೆಟ್ಟಿಗೆ, ಸೈಕಲ್ಲು, ಒಂದೊಂದನ್ನೂ ಮುಟ್ಟಿ ಕೇಳಿಕೊ: ಇದನ್ನು ಒಬ್ಬ ಎತ್ತಿಕೊಂಡು ಹೋದರೆ ಅವನನ್ನು ಕೊಲ್ಲುತ್ತೇನೆಯೇ? ಕೈಗೆ, ಕಾಲಿಗೆ ಹೊಡೆಯುತ್ತೇನೆ ಎಂಬ ಮಾತು ಬೇಡ. ಅದೆಲ್ಲ ಸಿನಿಮಾದಲ್ಲಿ. ಹೊಡೆದರೆ ಸಾಯಬಹುದು ಎಂದು ಮೊದಲೇ ಒಪ್ಪಿಕೊಂಡು ಕೇಳಿಕೊ. ಇದನ್ನು ಈಗ, ಮೈ ತಣ್ಣಗಿರುವಾಗ ಬರೆದಿಡಬೇಕು. ಆ ಗಳಿಗೆಯಲ್ಲಿ ಯೋಚನೆ ಅನ್ನುವುದೇ ಇರುವುದಿಲ್ಲ. ಮೊದಲೇ ಮಾಡಿಟ್ಟ ಯೋಚನೆ ಇದ್ದರೆ ಅದೊಂದು ಕೈ ಹಿಡಿಯುತ್ತದೆ.

ಪಟ್ಟಿ ಕಳಿಸು. ಒಡೆದ ಗಾಜಿಗೆ ಮೊದಲು ಹಲಗೆ ಹೊಡೆಸು.

ಅಣ್ಣ

ಫೆಬ್ರವರಿ 2

ಅಣ್ಣಾ,

ಪಟ್ಟಿ ಮಾಡಿದೆ. ಮಾಡುತ್ತಾ ಮಾಡುತ್ತಾ ನಗು ಬಂತು, ಆಮೇಲೆ ಅಳು ಬಂತು. ಐವತ್ತೆರಡು ವರ್ಷ ಬದುಕಿ ಕೂಡಿಸಿಟ್ಟದ್ದರಲ್ಲಿ ಒಬ್ಬನ ಜೀವಕ್ಕೆ ತೂಗುವಂಥದ್ದು ಒಂದೂ ಇಲ್ಲವಲ್ಲ!

ಟೀವಿ: ಹೊಡೆಯುವುದಿಲ್ಲ. ಎತ್ತಿಕೊಂಡು ಹೋದರೆ ಪುಣ್ಯ ಬಂತು, ಅದರಲ್ಲಿ ಎಲ್ಲರ ಮುಖವೂ ಹಸಿರು. ಹೊಲಿಗೆ ಯಂತ್ರ: ಇಲ್ಲ, ಆದರೆ ಬಾಯಿಗೆ ಬಂದದ್ದು ಬೈಯುತ್ತೇನೆ. ನಮ್ಮ ಮನೆಯವರು ಕೊಡಿಸಿದ ಉಂಗುರ: ತುಂಬ ಹೊತ್ತು ಕೈಯಲ್ಲಿ ಹಿಡಿದುಕೊಂಡು ನಿಂತೆ. ಇಲ್ಲ. ಅವರೇ ಹೋಗಿ ಒಂಬತ್ತು ವರ್ಷವಾಯಿತು. ಬಾಗಿಲು, ಗಾಜು, ಬೀಗ: ಇಲ್ಲ. ಬಂದವನು ಬೆನ್ನು ತಿರುಗಿಸಿ ಓಡುತ್ತಿದ್ದರೆ: ಇಲ್ಲ. ಬಾಗಿಲಿಗೆ ಅಡ್ಡ ನಿಂತು ನನ್ನ ಕತ್ತಿಗೆ ಕೈ ಹಾಕಿದರೆ: ಹೌದು. ಅದಕ್ಕೊಂದಕ್ಕೆ ಹೌದು ಎಂದು ಬರೆಯಲು ಅರ್ಧ ಗಂಟೆ ಹಿಡಿಯಿತು.

ಗುರಿ ಕಲಿಸುವ ಮೇಷ್ಟ್ರು ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಉಳಿದವರೆಲ್ಲ ಕಿವಿಗೆ ಮುಚ್ಚಳ ಹಾಕಿಕೊಂಡರೂ ಸದ್ದಿಗೆ ಬೆಚ್ಚಿ ಕೈ ಅಲುಗಿಸುತ್ತಾರಂತೆ. ನಾನು ಕಂಬದ ಹಾಗೆ ನಿಲ್ಲುತ್ತೇನಂತೆ. "ಇಪ್ಪತ್ತಾರು ವರ್ಷ ಮಗ್ಗದ ನಡುವೆ ನಿಂತವಳಿಗೆ ಇದೊಂದು ಸದ್ದಾ ಮೇಷ್ಟ್ರೇ?" ಅಂದೆ.

ಒಂದು ವಿಷಯ ಬರೆಯಲೋ ಬೇಡವೋ ಎಂದು ನಾಲ್ಕು ದಿನ ಕಾಗದ ತಡೆಹಿಡಿದೆ. ಪಟ್ಟಿಯ ಕೊನೆಯಲ್ಲಿ 'ಮೀಸೆ ಬಂದು ಬರೀ ಹೆದರಿಸಿದರೆ' ಎಂದು ಬರೆದೆ. ಉತ್ತರ ಬರೆಯಲು ಆಗಲಿಲ್ಲ. ಯಾಕೆಂದರೆ ಅವನು ಬಂದಂತೆ, ನಾನು ಹೊಡೆದಂತೆ, ಅವನು ಬಿದ್ದಂತೆ ಕಣ್ಣ ಮುಂದೆ ಬಂತು. ಬಂದಾಗ ನನಗೆ ಹಿತವಾಯಿತು ಅಣ್ಣ. ನೀರಡಿಸಿದವಳಿಗೆ ನೀರು ಸಿಕ್ಕಷ್ಟು ಹಿತವಾಯಿತು. ಗುಂಗುರು ಅಂಗೈಯಿಂದ ಆ ಬಾಗಿಲು ಬಡಿದ ಗುರುತು ಮಸಿಯಲ್ಲಿ ಹಾಗೇ ಇತ್ತು. ಅದನ್ನು ನೋಡಿದವಳು ನಾನು. ಅವನು ಬರಲಿ ಎಂದು ಒಳಗೊಳಗೇ ಕಾಯುತ್ತಿದ್ದೇನೆಯೋ ಏನೋ.

ಇದನ್ನು ನಿನಗಲ್ಲದೆ ಬೇರೆ ಯಾರಿಗೂ ಹೇಳುವ ಹಾಗಿಲ್ಲ.

ತಂಗಿ

ಫೆಬ್ರವರಿ 10

ತಂಗೀ,

ಹಿತವಾಯಿತು ಎಂದು ಒಪ್ಪಿಕೊಂಡೆಯಲ್ಲ, ಅದಕ್ಕೆ ನಿನ್ನನ್ನು ಮೆಚ್ಚಬೇಕು. ಮೆಚ್ಚಿಕೊಂಡೇ ಬೈಯುತ್ತಿದ್ದೇನೆ. ಬೈಸಿಕೊ.

ನಿನ್ನ ಮನಸ್ಸಿನಲ್ಲಿ ಅವನನ್ನು ಎಷ್ಟು ಸಲ ಕೊಂದಿದ್ದೀಯ? ಹತ್ತು ಸಲ? ಇಪ್ಪತ್ತು? ಪ್ರತಿ ಸಲವೂ ಕೈ ಪಳಗುತ್ತಾ ಹೋಗುತ್ತದೆ. ಆಮೇಲೆ ಒಂದು ದಿನ ಬಾಗಿಲಲ್ಲಿ ಯಾರು ಬಂದು ನಿಂತರೂ ನಿನ್ನ ಕಣ್ಣಿಗೆ ಅವನೇ. ಬಂದವನ ಮುಖ ನೋಡುವ ವ್ಯವಧಾನವೇ ಇರುವುದಿಲ್ಲ, ಮುಖ ನೀನೇ ಮೊದಲು ಬರೆದಿಟ್ಟಿರುತ್ತೀಯ. ಇದು ನನಗೆ ಹೇಗೆ ಗೊತ್ತು ಎಂದು ಕೇಳಬೇಡ. ಗೊತ್ತು.

ಅವನು ಬರಲಿ ಎಂಬ ಆಸೆ ಇರುವಷ್ಟು ದಿನ ರಿವಾಲ್ವರನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕು. ಬರದಿದ್ದರೆ ಸಾಕಪ್ಪಾ ಅನ್ನಿಸಿದ ದಿನ ತೆಗೆ. ಅದನ್ನು ಇಟ್ಟುಕೊಳ್ಳುವ ಯೋಗ್ಯತೆ ಇರುವುದು ಅದನ್ನು ಬಳಸಲು ಇಷ್ಟವಿಲ್ಲದವರಿಗೆ ಮಾತ್ರ.

ಎರಡನೆಯ ಪಾಠ. ಕೈಯಲ್ಲಿ ಅದು ಇದ್ದಾಗ ಮೂರು ಸಲ ಜೋರಾಗಿ ಕೂಗಿ ಕೇಳಬೇಕು, ಯಾರು ಎಂದು. ಒಂದೊಂದು ಸಲಕ್ಕೂ ಉತ್ತರಕ್ಕೆ ಕಾಯಬೇಕು. ಬೆರಳು ಆಗ ಟ್ರಿಗರಿನಿಂದ ಹೊರಗಿರಬೇಕು. ಬರುವವರು ನೂರು ಥರ ಇರುತ್ತಾರೆ, ವಿಳಾಸ ತಪ್ಪಿದವರು, ಕುಡಿದವರು, ಮಾಡಿದ್ದಕ್ಕೆ ನಾಚಿ ಕ್ಷಮೆ ಕೇಳಲು ಬಂದವರು. ಮೂರು ಸಲ ಕೇಳಿದರೆ ಅವರಲ್ಲಿ ತೊಂಬತ್ತೊಂಬತ್ತು ಮಂದಿ ಉಳಿಯುತ್ತಾರೆ. ನೀನೂ ಉಳಿಯುತ್ತೀಯ. ಮೂರೇ ಯಾಕೆ ಅನ್ನಬೇಡ. ಒಂದು ಸಲ ಕೇಳಿದ್ದರೂ ಸಾಕಾಗುತ್ತಿತ್ತು ಅನ್ನುವವರು ಇದ್ದಾರೆ.

ಮನೆಯೊಳಗೆ ಅಭ್ಯಾಸ ಮಾಡು. ಖಾಲಿ ಕೈಯಲ್ಲಿ.

ಅಣ್ಣ

ಫೆಬ್ರವರಿ 24

ಅಣ್ಣಾ,

ಬೈಗುಳ ತಲುಪಿತು, ಹೊಟ್ಟೆ ತುಂಬಿತು. ಒಂದು ವಾರ ಅದು ಕಪಾಟಿನಲ್ಲೇ ಇತ್ತು. ಮೊನ್ನೆ ಬೀದಿಯಲ್ಲಿ ಮೀಸೆ ಎದುರಾದ. ತರಕಾರಿ ಚೀಲ ಹಿಡಿದಿದ್ದ, ಪಕ್ಕದಲ್ಲಿ ಅವನ ಹೆಂಡತಿ, ಅವಳ ಕಾಲಿಗೆ ಬ್ಯಾಂಡೇಜು. ಅವಳಿಗಾಗಿ ನಿಧಾನಕ್ಕೆ ನಡೆಯುತ್ತಿದ್ದ. ನನ್ನನ್ನು ನೋಡಿ ಅವನ ಮುಖ ಬಿಗಿದುಕೊಂಡಿತು. ಇವನು ನನ್ನ ಮನೆಗೆ ಬರದಿರಲಿ ದೇವರೇ ಎಂದುಕೊಂಡೆ. ಮನೆಗೆ ಬಂದು ರಿವಾಲ್ವರ್ ಹೊರಗೆ ತೆಗೆದೆ. ನಿನ್ನ ಮಾತಿನ ಪ್ರಕಾರ ಈಗ ನನಗೆ ಯೋಗ್ಯತೆ ಬಂದಿದೆ.

ಮೂರು ಸಲ ಕೇಳುವ ಪಾಠವೂ ನಡೆಯುತ್ತಿದೆ. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಎರಡಕ್ಕೆ ಬಂದು, ಪರದೆ ಎಳೆದು ಮಲಗುತ್ತೇನಲ್ಲ, ಎದ್ದ ಕೂಡಲೇ ಗೋಡೆಗೆ ಮುಖ ಮಾಡಿ ನಿಂತು 'ಯಾರು? ಯಾರು? ಯಾರು?' ಅನ್ನುತ್ತೇನೆ. ನೋಡಿದವರು ಹುಚ್ಚಾಸ್ಪತ್ರೆಗೆ ಫೋನ್ ಮಾಡುತ್ತಾರೆ. ಹೋದ ವಾರ ಹಾಲಿನವಳ ಮೇಲೆ ಪ್ರಯೋಗ ಮಾಡಿದೆ. ಬಾಗಿಲ ಚಿಲಕ ಅಲುಗಿದ್ದು ಕಂಡು ಒಳಗಿನಿಂದಲೇ ಮೂರು ಸಲ ಕೂಗಿದೆ. ಆಮೇಲೆ ಬಾಗಿಲು ತೆಗೆದರೆ ಮುಖ ಊದಿಸಿಕೊಂಡು ನಿಂತಿದ್ದಾಳೆ. "ಮೂರು ಸಲಾನೂ ನಾನು ಹಾಲು ಹಾಲು ಅಂತ ಗಂಟಲು ಹರ್ಕೊಂಡೆ. ನನ್ನನ್ನೇನು ಪರೀಕ್ಷೆ ಮಾಡ್ತಿದೀರಾ?" ಅಂದಳು. ನಕ್ಕು ನಕ್ಕು ಸಾಕಾಯಿತು. ಅವಳಿಗೆ ಬಿಸ್ಕತ್ತು ಕೊಟ್ಟು ಸಮಾಧಾನ ಮಾಡಿದೆ.

ಇನ್ನು ಐದೂವರೆ ವಾರ. ಗಾಜಿಗೆ ಹಲಗೆ ಹೊಡೆಯುವವನು ನಾಳೆ ನಾಳೆ ಅನ್ನುತ್ತಿದ್ದಾನೆ.

ತಂಗಿ

ಮಾರ್ಚ್ 9

ತಂಗೀ,

ಮನೆ ತಲುಪಿದೆ. ನಿನ್ನ ಮನೆಯಿಂದ ಹೊರಟು ಬಸ್ಸಿನಲ್ಲಿ ಹನ್ನೊಂದು ಗಂಟೆ ಕೂತು ಬಂದೆ. ನಿನ್ನೆದುರು ಆಡಲಾಗದ್ದನ್ನು ಈಗ ಬರೆಯುತ್ತೇನೆ. ಎದುರಿಗಿದ್ದಾಗ ನೀನು ಅಳುತ್ತಿದ್ದೆ, ನಾನು ಚಹಾ ಕುಡಿಯುತ್ತಿದ್ದೆ. ಇಬ್ಬರೂ ಇನ್ನೇನೂ ಮಾಡಲಿಲ್ಲ.

ಹಾಲಿನವಳ ಕತೆ ಓದಿ ನಿನ್ನ ಅತ್ತಿಗೆ ನಕ್ಕಳು. ನನಗೆ ನಗು ಬರಲಿಲ್ಲ. ಬಾಗಿಲ ಆಚೆಯಿಂದ ಮೂರು ಸಲ ಕೂಗಿದ್ದು ಒಬ್ಬಳಿಗೆ ಕೇಳಿಸುವುದಿಲ್ಲ ಅಂದರೆ ಏನರ್ಥ? ಫೋನಿನ ಗೊರಗೊರ ನೆನಪಾಯಿತು. ಮೇಷ್ಟ್ರ ಹೊಗಳಿಕೆ ನೆನಪಾಯಿತು. ಕಾಗದ ಬರೆದು ಕೇಳಿದರೆ ನೀನು ಒಪ್ಪುವವಳಲ್ಲ ಎಂದು ಹೇಳದೆ ಹೊರಟುಬಂದೆ. ಅದು ನನ್ನ ತಪ್ಪು. ಹತ್ತು ನಿಮಿಷ ಮುಂಬಾಗಿಲು ಬಡಿದೆ. ನೀನು ಏಳಲಿಲ್ಲ. ನಿನಗೇನೋ ಆಗಿದೆ ಎಂದು ಹಿಂದಕ್ಕೆ ಓಡಿ, ಒಡೆದ ಗಾಜಿನಿಂದ ಕೈ ತೂರಿಸಿ ಚಿಲಕ ತೆಗೆದೆ. ಮೂವತ್ತು ವರ್ಷ ಕಾವಲು ಕಾದವನು ಹಗಲು ಮೂರು ಗಂಟೆಗೆ ಕಳ್ಳನ ಹಾಗೆ ಒಳಗೆ ಬಂದೆ!

ನೀನು ಒಳಬಾಗಿಲಲ್ಲಿ ನಿಂತಿದ್ದೆ. ಎರಡು ಕೈಯಲ್ಲೂ ರಿವಾಲ್ವರ್ ಹಿಡಿದಿದ್ದೆ. "ಯಾರು?" ಅಂದೆ. "ನಾನು ಕಣೇ, ಅಣ್ಣ" ಅಂದೆ ನಾನು. ನೀನು ಮತ್ತೆ "ಯಾರು?" ಅಂದೆ, ನಾನು ಮಾತಾಡಿಯೇ ಇಲ್ಲ ಅನ್ನುವ ಹಾಗೆ. ನಾನು ಕಿರುಚಿದೆ. ನೀನು ಮೂರನೆಯ ಸಲ ಕೇಳಿ, ಕಾದು, ಬೆರಳು ಟ್ರಿಗರಿಗೆ ತಂದೆ. ನಾನು ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಪಾಲಿಸಿದೆ. ಆಗ ಹೊಳೆಯಿತು, ಬೆಳಕು ನನ್ನ ಬೆನ್ನಿಗಿದೆ, ನನ್ನ ಮುಖ ನಿನಗೆ ಕಾಣುತ್ತಿಲ್ಲ. ಮಂಡಿಯೂರಿ ಬಾಗಿಲ ಕಡೆಗೆ ಮುಖ ತಿರುಗಿಸಿದೆ. ಅದೊಂದು ಹೊಳೆಯದೇ ಇದ್ದಿದ್ದರೆ ನಿನ್ನ ಅತ್ತಿಗೆ ಇವತ್ತು ಬೇರೆ ಕಾಗದ ಓದುತ್ತಿದ್ದಳು.

ಯಾವಾಗಿನಿಂದ ಹೀಗೆ? ನನಗೆ ಯಾಕೆ ಹೇಳಲಿಲ್ಲ?

ಈಗ ಎರಡು ಮಾತು. ಒಂದು, ರಿವಾಲ್ವರನ್ನು ವಾಪಸು ಕೊಡು. ಇವತ್ತೇ ಕೊಡು. ಎರಡು, ಯಾಕೆ ಕೊಡುತ್ತಿದ್ದೀಯ ಎಂದು ಕೇಳಿದರೆ ಕೈ ನಡುಗುತ್ತದೆ ಅನ್ನು. ಕಿವಿಯ ವಿಷಯ ಬಾಯಿಬಿಡಬೇಡ. ಕೋರ್ಟಿನಲ್ಲಿ ಮೀಸೆಯ ವಕೀಲನಿಗೆ ಅದೊಂದು ಸಿಕ್ಕರೆ ಸಾಕು. ಮೀಸೆ ಹೇಳಿದ್ದು ಕೇಳಿಸಿತು ಅನ್ನುವ ಒಬ್ಬಳೇ ಸಾಕ್ಷಿ, ಅವಳಿಗೆ ಕಿವಿಯೇ ಇಲ್ಲ ಅಂದರೆ ಕೇಸು ಅಲ್ಲಿಗೆ ಮಣ್ಣು. ಏಪ್ರಿಲ್ ನಾಲ್ಕು ದಾಟಲಿ, ಆಮೇಲೆ ಡಾಕ್ಟರಿಗೆ ತೋರಿಸೋಣ. ಅಣ್ಣ ಹೇಳುತ್ತಿದ್ದೇನೆ, ಕೇಳು.

ಅಣ್ಣ

ಮಾರ್ಚ್ 9

ಅಣ್ಣಾ,

ನೀನು ಊರು ತಲುಪಿರುತ್ತೀಯ. ನಿನ್ನ ಕಾಗದ ಬರುವುದಕ್ಕೆ ಮೊದಲೇ ಇದನ್ನು ಬರೆದುಬಿಡಬೇಕು. ಇಲ್ಲದಿದ್ದರೆ ನಿನ್ನ ಮಾತು ಕೇಳಿಕೊಂಡು ನಾನು ಇನ್ನೇನಾದರೂ ಮಾಡಿಬಿಡುತ್ತೇನೆ.

ನನಗೆ ಕಿವಿ ಹೋಗಿ ಎಂಟು ವರ್ಷವಾಯಿತು. ಮೊದಲು ಹಕ್ಕಿ ಹೋದವು, ಆಮೇಲೆ ಫೋನು, ಆಮೇಲೆ ಮನುಷ್ಯರು. ಮಿಲ್ಲಿನಲ್ಲಿ ನಮ್ಮ ಎಷ್ಟೋ ಮಂದಿಗೆ ಹೀಗೇ. ಹೇಳಿಕೊಂಡರೆ ಮಗ್ಗದಿಂದ ಎಬ್ಬಿಸಿ ಕಸ ಗುಡಿಸಲು ಹಾಕುತ್ತಾರೆ. ಮಗ್ಗದ ಕೋಣೆಯಲ್ಲಿ ಕಿವಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಷ್ಟು ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ. ಅಲ್ಲಿಗೆ ಸೇರಿದ ಹೊಸದರಲ್ಲೇ ಎಲ್ಲರೂ ತುಟಿ ಓದುವುದನ್ನು ಕಲಿಯುತ್ತಾರೆ. ಹತ್ತು ಮಗ್ಗದ ಆಚೆ ನಿಂತವಳ ಅತ್ತೆಯ ಸುದ್ದಿಯೆಲ್ಲ ನಮಗೆ ಗೊತ್ತಾಗುವುದು ಹಾಗೇ. ಸೂಪರ್‌ವೈಸರುಗಳೂ ಬಾಯಿ ಅಗಲಿಸಿ ತುಟಿಯಲ್ಲೇ ಹೇಳುತ್ತಾರೆ. ಮೀಸೆ ಬೀಗದ ಮಾತು ಹೇಳಿದ್ದು ನನಗೆ ಕೇಳಿಸಲಿಲ್ಲ, ಕಂಡಿತು. ಪೊಲೀಸರು 'ಕೇಳಿಸಿತಾ?' ಅಂದರು. 'ಹೂಂ' ಅಂದುಬಿಟ್ಟೆ. ಅವರಿಗೆ ಇದನ್ನೆಲ್ಲ ಬಿಡಿಸಿ ಹೇಳಲು ಹೋದರೆ ನನ್ನ ಕಿವಿಯ ಕತೆ ಹೊರಬರುತ್ತಿತ್ತು. ಆ ಒಂದು ಹೂಂ ಕಾಯುವುದಕ್ಕಾಗಿ ನಿನಗೂ ಸುಳ್ಳು ಬರೆಯುತ್ತಾ ಬಂದೆ.

ನೀನು ಕಾಲಿಟ್ಟಾಗ ನೆಲ ಅದುರಿ ಎಚ್ಚರವಾಯಿತು. ನಾನು ಮೂರು ಸಲ ಕೇಳಿದೆ ಅಣ್ಣ. ಒಂದೊಂದು ಸಲವೂ ಸರಿಯಾಗಿ ಕಾದೆ. ಉತ್ತರ ಬರಲಿಲ್ಲ. ಕೇಳುವವಳಿಗೆ ಕಿವಿ ಇಲ್ಲ ಎಂಬುದು ನನಗೆ ಗೊತ್ತಿತ್ತು, ಆದರೂ ಪಾಠ ಒಪ್ಪಿಸಿದೆ. ಹಾಲಿನವಳ ಕತೆ ಬರೆದು ನಕ್ಕೆನಲ್ಲ, ಆ ದಿನವೇ ರಿವಾಲ್ವರನ್ನು ವಾಪಸು ಕೊಟ್ಟುಬರಬೇಕಿತ್ತು. ಪಟ್ಟಿಯಲ್ಲಿ ಮನೆಯ ಚಮಚ ಲೋಟವೆಲ್ಲ ಬರೆದೆ, ನನ್ನ ಬಗ್ಗೆ ಒಂದು ಸಾಲು ಬರೆದುಕೊಳ್ಳಲಿಲ್ಲ. ಮಂಡಿಯೂರಿದ ನಿನ್ನ ಮುಖ ಬೆಳಕಿಗೆ ತಿರುಗಿತಲ್ಲ, ಅದನ್ನು ನೆನೆದು ರಾತ್ರಿ ಎರಡು ಸಲ ಎದ್ದು ದೀಪ ಹಾಕಿದೆ.

ಈ ದಿನ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ಅದನ್ನೂ ಲೈಸೆನ್ಸನ್ನೂ ಒಪ್ಪಿಸಿದೆ. ಫಾರಂನಲ್ಲಿ ಕಾರಣ ಬರೆಯುವ ಜಾಗವಿತ್ತು. 'ನನಗೆ ಕಿವಿ ಕೇಳಿಸುವುದಿಲ್ಲ' ಎಂದು ಬರೆದೆ. ಸರ್ಕಾರಿ ವಕೀಲರಿಗೂ ಹೋಗಿ ಹೇಳಿದೆ. ಅವರು ತಲೆಯ ಮೇಲೆ ಕೈ ಹೊತ್ತು ಕೂತರು. "ಕೇಸಿಗೆ ನೀವೇ ಬೆಂಕಿ ಹಚ್ಚಿಬಿಟ್ರಲ್ಲಮ್ಮ" ಅಂದರು. ಆ ಮಾತೂ ನನಗೆ ಚೆನ್ನಾಗಿ ಕಂಡಿತು.

ಹೆದರಿಕೆ ಇದೆ. ಹಾಲಿನವಳು ವಿಷಯ ತಿಳಿದು ತನ್ನ ನಾಯಿಯನ್ನು ತಂದು ಬಿಟ್ಟಿದ್ದಾಳೆ. ಅದು ಬೊಗಳಿದರೆ ನನಗೇನು ಬಂತು? ಆದರೆ ಯಾರಾದರೂ ಬಂದರೆ ಹಾಸಿಗೆಯ ಮೇಲೆ ಹಾರಿ ಕೂರುತ್ತದೆ. ಬರದಿದ್ದರೂ ಕೂರುತ್ತದೆ.

ತಂಗಿ

ಮಾರ್ಚ್ 18

ತಂಗೀ,

ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿದವು. ಸುಳ್ಳು ಹೇಳು ಎಂದು ನಾನು ಬರೆದ ದಿನವೇ ನೀನು ನಿಜ ಬರೆದುಕೊಟ್ಟಿದ್ದೀಯ. ನಿನ್ನ ಕಾಗದ ಅಂಗಿಯ ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ಓಡಾಡಿದೆ. ಈಗ ನನ್ನ ಸರದಿ.

ದರೋಡೆ ಆಗಿರಲಿಲ್ಲ.

ಅದಕ್ಕೆ ಒಂದು ವಾರ ಮೊದಲು ಬೇರೊಂದು ಬ್ಯಾಂಕಿನಲ್ಲಿ ನಿಜವಾದ ದರೋಡೆ ಆಗಿ ಅಲ್ಲಿನ ಕಾವಲುಗಾರ ಸತ್ತಿದ್ದ. ನನಗೆ ಪರಿಚಯದವನು. ಆ ಒಂದು ವಾರ ಬಾಗಿಲಲ್ಲಿ ನಿಂತು ನಾನು ಮಾಡಿದ್ದು ಒಂದೇ ಕೆಲಸ. ಬಂದವನನ್ನು ಹೇಗೆ ಹೊಡೆಯಬೇಕು ಎಂದು ತಲೆಯೊಳಗೆ ಹೊಡೆದದ್ದೇ ಹೊಡೆದದ್ದು. ಅರ್ಧ ತಯಾರಿ ಮಾಡಿದ್ದೆ, ಹೊಡೆಯುವ ಅರ್ಧ. ಹೊಡೆಯದಿರುವ ಅರ್ಧವನ್ನು ನನಗೆ ಯಾರೂ ಕಲಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಮುಚ್ಚುವ ಹೊತ್ತು. ಅರ್ಧ ಎಳೆದ ಷಟರಿನ ಕೆಳಗೆ ನುಸುಳಿ ಒಬ್ಬ ಓಡಿಬಂದ. ನಾನು ಯಾರು ಅನ್ನಲಿಲ್ಲ. ನಿಲ್ಲು ಅನ್ನಲಿಲ್ಲ. ಹೊಡೆದೆ. ಮಂಡಿಗೆ ಬಿತ್ತು. ಅವನು ಪುಸ್ತಕ ಬೈಂಡು ಮಾಡುವವನು. ಕೌಂಟರಿನಲ್ಲಿ ಮರೆತ ಪಾಸ್‌ಬುಕ್ಕಿಗಾಗಿ ಓಡಿಬಂದಿದ್ದ. ಚೀಲದಲ್ಲಿ ಕಾಗದ ಕೊಯ್ಯುವ ಚಾಕು ಇತ್ತು. ಮ್ಯಾನೇಜರು ಅದನ್ನು ನೋಡಿ, "ಇಷ್ಟು ಸಾಕು, ನಿನ್ನ ಕೆಲಸ ಉಳೀತು" ಅಂದರು. ಎರಡು ಪುಟದ ವರದಿ ಬರೆದುಕೊಟ್ಟರು. 'ಮೂರು ಸಲ ಕೂಗಿ ಎಚ್ಚರಿಸಿದೆ, ಆತ ಚಾಕು ತೆಗೆದ.' ಸಹಿ ಹಾಕಿದೆ. ನನಗೆ ಪ್ರಶಂಸಾಪತ್ರ, ಅವನಿಗೆ ಎರಡು ವರ್ಷ ಜೈಲು. ಮೂರು ಸಲ ಎಂಬ ಪಾಠ ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತಲ್ಲ.

ಇಪ್ಪತ್ತಾರು ವರ್ಷವಾಯಿತು. ಅವನ ಅಂಗಡಿ ನಮ್ಮ ಮನೆಯಿಂದ ಮೂರು ಬೀದಿ ಆಚೆ. ನಾನು ಆ ಬೀದಿಗೆ ಹೋಗುವುದಿಲ್ಲ. ನಿನ್ನ ಅತ್ತಿಗೆಗೆ ಇದು ನಿನ್ನೆಯವರೆಗೂ ಗೊತ್ತಿರಲಿಲ್ಲ. ಹೇಳಿದೆ. ಅವಳು ಎದ್ದುಹೋಗಿ ಗೋಡೆಯಿಂದ ಆ ಚೌಕಟ್ಟು ಇಳಿಸಿದಳು.

ನನ್ನ ಧೈರ್ಯದಲ್ಲಿ ಒಂದು ಚಮಚ ಕೇಳಿದ್ದೆಯಲ್ಲ, ಕಳಿಸಲು ಏನೂ ಇರಲಿಲ್ಲ ತಂಗಿ.

ಅಣ್ಣ

ಏಪ್ರಿಲ್ 6

ಅಣ್ಣಾ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದಿದ್ದದ್ದು ಸಿಟ್ಟಿಗೆ. ಇನ್ನೂ ಸಿಟ್ಟಿದೆ. ಇಡೀ ಬೀದಿಗೆ ಆ ಕತೆ ಹೇಳಿಕೊಂಡು ಮೆರೆದವಳು ನಾನು. ಆ ಮನುಷ್ಯ ಜೈಲಿನಲ್ಲಿ ಕೂತಿದ್ದಾಗ ನಾನಿಲ್ಲಿ ಸಿಹಿ ಹಂಚಿದ್ದೆ. ಸಿಟ್ಟಿನ ಜೊತೆಗೆ ಸಂಕಟವೂ ಇದೆ. ಎರಡನ್ನೂ ಒಟ್ಟಿಗೆ ಕಳಿಸುತ್ತಿದ್ದೇನೆ, ತೆಗೆದುಕೊ.

ಕೋರ್ಟಿನ ಕತೆ ಕೇಳು. ಮೀಸೆಯ ವಕೀಲ ನನ್ನ ಫಾರಂ ತಂದಿದ್ದ. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ಈಕೆಗೆ ಕಿವಿ ಕೇಳಿಸಲ್ಲ. ಆದ್ರೂ ನನ್ನ ಕಕ್ಷಿದಾರ ಹೇಳಿದ್ದು ಕೇಳಿಸಿತಂತೆ!" ಅಂದ. ಅವನು ಮುಖ ತಿರುಗಿಸಿ ಹೇಳಿದ ಇನ್ನೊಂದು ಮಾತು ನನಗೆ ಸಿಗಲಿಲ್ಲ, ಜನ ಮಾತ್ರ ನಕ್ಕರು. ನಾನು ಹೇಳಿದೆ. ಪೊಲೀಸರ ಮುಂದೆ ಕೇಳಿಸಿತು ಅಂದದ್ದು ಸುಳ್ಳು, ನಾನು ನೋಡಿದ್ದು. ಆ ಕೋಣೆಯಲ್ಲಿ ಯಾರೂ ಯಾರ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ, ಎಲ್ಲರೂ ನೋಡುತ್ತೇವೆ ಎಂದೆ. ಮೇಲೆ ಕೂತಿದ್ದ ನ್ಯಾಯಾಧೀಶೆ ಕನ್ನಡಕ ತೆಗೆದು, ದನಿಯಿಲ್ಲದೆ ತುಟಿಯಲ್ಲಿ ನನಗೆ ಏನೋ ಹೇಳಿದರು. "ಬೇಡ ಅಮ್ಮ, ನೀರು ಕುಡಿದೇ ಬಂದೆ" ಅಂದೆ. ಇನ್ನೊಂದು ಸಲ ಬಾಯಿಗೆ ಕಾಗದ ಅಡ್ಡ ಹಿಡಿದು ಹೇಳಿದರು. "ಈಗ ಕಾಣಲಿಲ್ಲ" ಅಂದೆ. ಎರಡನ್ನೂ ಬರೆಸಿಕೊಂಡರು. ವಕೀಲ ಮಾತ್ರ ಒಂದು ಸಲ ಸುಳ್ಳು ಹೇಳಿದವಳು ಇನ್ನೊಂದು ಸಲ ಹೇಳುವುದಿಲ್ಲವೇ ಎಂದು ಕೂತ.

ಆಮೇಲೆ ಅವನು ತನ್ನ ಸಾಕ್ಷಿಯನ್ನು ಕರೆದ. ನನ್ನ ಪಕ್ಕದ ಮಗ್ಗದವಳು. ಏನಾದರೂ ಕೇಳಿಸಿತೇ ಎಂದ. "ಇಲ್ಲ" ಅಂದಳು. ಅವನು ಖುಷಿಯಾಗಿ ಕೂತ. ಸರ್ಕಾರಿ ವಕೀಲರು ನಿಧಾನವಾಗಿ ಎದ್ದರು. ಅವರ ಮುಖ ನನ್ನ ಕಡೆಗೇ ಇತ್ತು, ಒಂದೊಂದು ಅಕ್ಷರವೂ ಕಂಡಿತು. "ಕೇಳಿಸಲಿಲ್ಲ, ಸರಿ. ನೋಡಿದಿರಾ?" ಅಂದರು.

ಅವಳು ಕಟಕಟೆಯ ಅಂಚು ಹಿಡಿದು ನಿಂತಳು. ಅವಳ ಮಗನಿಗೂ ಸೊಸೆಗೂ ಅದೇ ಮಿಲ್ಲಿನ ಕೆಲಸ. ಏಳು ತಿಂಗಳ ಮೇಲೆ ಮೊದಲ ಸಲ ಮುಖವೆತ್ತಿ ನನ್ನನ್ನು ನೋಡಿದಳು. ದನಿಯಿಲ್ಲದೆ, ಮಗ್ಗದ ಕೋಣೆಯಲ್ಲಿ ಮಾತಾಡುವ ಹಾಗೆ, ನನಗೊಬ್ಬಳಿಗೇ ಹೇಳಿದಳು, 'ತಪ್ಪಾಯ್ತು ಕಣೇ.' ಆಮೇಲೆ ಸರ್ಕಾರಿ ವಕೀಲರ ಕಡೆ ತಿರುಗಿದಳು. ಅವಳು ಏನು ಹೇಳಿದಳೆಂದು ನನಗೆ ಕಾಣಲಿಲ್ಲ. ಎದುರಿಗೆ ಕೂತ ಮೀಸೆಯ ಮುಖ ನೋಡಿ ಗೊತ್ತಾಯಿತು.

ತೀರ್ಪಿಗೆ ಇನ್ನೂ ದಿನವಿದೆ. ಏನಾಗುತ್ತದೋ ಗೊತ್ತಿಲ್ಲ. ಈ ದಿನ ಅವಳು ಊಟಕ್ಕೆ ನನ್ನ ಪಕ್ಕ ಕೂತಳು.

ನೀನು ಏನು ಮಾಡಬೇಕು ಎಂದು ನಾನು ಹೇಳುವುದಿಲ್ಲ. ನೀನು ದೊಡ್ಡವನು.

ತಂಗಿ

ಏಪ್ರಿಲ್ 19

ತಂಗೀ,

ಬ್ಯಾಂಕಿನವರಿಗೂ ಪೊಲೀಸರಿಗೂ ಕೊಡಲು ಒಂದು ಹೇಳಿಕೆ ಬರೆದೆ. ಅರ್ಧ ಪುಟವೂ ಆಗಲಿಲ್ಲ. ಹಳೆಯ ವರದಿ ಸುಳ್ಳು, ನಾನು ಕೂಗಲಿಲ್ಲ, ಆತ ಚಾಕು ತೆಗೆಯಲಿಲ್ಲ, ನಾನು ಹೊಡೆದೆ. ನಿನ್ನ ಅತ್ತಿಗೆ ಓದಿ, "ಕೊಡೋಕೆ ಮೊದ್ಲು ಆ ಬೈಂಡಿನವರಿಗೆ ತೋರಿಸ್ಬೇಡ್ವಾ?" ಅಂದಳು. ಅದು ನನಗೆ ಹೊಳೆದಿರಲಿಲ್ಲ.

ಈ ಬೆಳಿಗ್ಗೆ ಅವನ ಅಂಗಡಿಗೆ ಹೋದೆ. ಅವನು ಸ್ಟೂಲಿನ ಮೇಲೆ ಒಂದು ಕಾಲು ನೀಡಿ ಕೂತು ಅಂಟು ಹಚ್ಚುತ್ತಿದ್ದ. "ನಾನು ಆ ಬ್ಯಾಂಕಿನ..." ಎಂದು ಶುರು ಮಾಡಿದೆ.

"ಗೊತ್ತು" ಅಂದ. "ಈ ಬೀದಿ ಬಿಟ್ಟು ಆ ಬೀದಿಗೆ ತಿರುಗೋದನ್ನ ಇಪ್ಪತ್ತು ವರ್ಷದಿಂದ ನೋಡ್ತಾನೇ ಇದೀನಿ."

ನಿಂತುಕೊಂಡೇ ಹೇಳಿಕೆ ಓದಿದೆ. ನಡುವೆ ಎರಡು ಸಲ ಸಾಲು ತಪ್ಪಿ ಮತ್ತೆ ಮೊದಲಿನಿಂದ ಓದಿದೆ. ಅವನು ಕಾದ. ಓದಿ ಮುಗಿಸಿದಾಗ ಕೈಗೆ ಅಂಟಿದ್ದನ್ನು ಬಟ್ಟೆಗೆ ಒರೆಸಿಕೊಂಡು ಹಾಳೆ ಇಸಿದುಕೊಂಡ. ಕ್ಷಮಿಸಿದೆ ಅನ್ನಲಿಲ್ಲ. ಬೈಯಲೂ ಇಲ್ಲ. ಹಾಳೆಯನ್ನು ಕೊನೆಯವರೆಗೂ ನೋಡಿದ.

"ಸಹಿ ಎಲ್ಲಿ?" ಅಂದ.

ಅವನ ಮೇಜಿನ ಮೇಲೆಯೇ ಇಟ್ಟು ಹಾಕಿದೆ.

ಅಣ್ಣ